ಅಕ್ವೇರಿಯಂ ಮೀನು ಏಕೆ ಸತ್ತವು? ನೀರು ಚೆಲ್ಲುವ ಮೊದಲು ಒಂದು ಬಾಟಲಿ ತೆಗೆದಿಡಿ

ಮೇ ತಿಂಗಳ ಒಂದು ಬೆಳಿಗ್ಗೆ, ಆರೂವರೆ ಇರಬಹುದು, ಪಕ್ಕದ ಮನೆಯ ಹುಡುಗ ಬಂದು ಬಾಗಿಲು ಬಡಿದ. ಕೈಯಲ್ಲಿ ಒಂದು ಬೋಗುಣಿ. ಬೋಗುಣಿಯಲ್ಲಿ ಐದು ಗೋಲ್ಡ್ ಫಿಶ್.

"ಕಾಕಾ, ಗೋಲ್ಡ್ ಫಿಶ್ ಎಲ್ಲಾ ಸತ್ತಾವ್ರಿ. ರಾತ್ರಿ ಕಾಳ ಹಾಕಿದಾಗ ಚಲೋನ ಇದ್ವು."

"ಟ್ಯಾಂಕಿನ ನೀರ ಏನ್ ಮಾಡೀರಿ?"

"ಅವ್ವ ಚೆಲ್ಲಾಕತ್ತಾಳ್ರಿ. ತೊಳದು ಬಿಸಲಿಗೆ ಇಡತೀನಿ ಅಂದಾಳ."

"ಓಡು. ಒಂದ ಬಾಟ್ಲಿ ನೀರರೆ ಉಳಸು."

ವಿಜಯಪುರದಲ್ಲಿ ಹನ್ನೊಂದು ವರ್ಷದಿಂದ ಮೀನು ಸಾಕುತ್ತಿದ್ದೇನೆ. ಓಣಿಯಲ್ಲಿ ಯಾರ ಮನೆಯಲ್ಲಿ ಮೀನು ಸತ್ತರೂ ನನ್ನನ್ನು ಕರೆಯುತ್ತಾರೆ. ನಾನು ಹೋಗುವಷ್ಟರಲ್ಲಿ ಬಹಳ ಸಲ ಟ್ಯಾಂಕ್ ಖಾಲಿಯಾಗಿ, ಕಲ್ಲುಗಳನ್ನೂ ತಿಕ್ಕಿ ತೊಳೆದಾಗಿರುತ್ತದೆ. ಮನೆಯವರಿಗೆ ಹೊಲಸು ತೆಗೆದ ಸಮಾಧಾನ. ಆದರೆ ಮೀನು ಯಾಕೆ ಸತ್ತವು ಅನ್ನುವುದು ಆ ನೀರಿನ ಜೊತೆ ಗಟಾರಕ್ಕೆ ಹೋಗಿರುತ್ತದೆ. ಹದಿನೈದು ದಿನ ಬಿಟ್ಟು ಹೊಸ ಮೀನು ತರುತ್ತಾರೆ. ಅವೂ ಸಾಯುತ್ತವೆ.

ಹಾಗಾಗಿ ಮೊದಲು ಇಷ್ಟು ಮಾಡಿ. ತೊಳೆದ ಒಂದು ಲೀಟರ್ ಬಾಟಲಿಯಲ್ಲಿ ಟ್ಯಾಂಕಿನ ನೀರನ್ನು ಅಂಚಿನವರೆಗೆ ತುಂಬಿ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ. ಸೋಪಿನ ಬಾಟಲಿ ಬೇಡ. ಅದೇ ದಿನ ನೀರಿನ ಕಿಟ್‌ನಲ್ಲಿ ಪರೀಕ್ಷೆ ಮಾಡಿಬಿಡಿ (ಯಾವ ಕಿಟ್ ಎಂದು ಕೊನೆಗೆ ಹೇಳುತ್ತೇನೆ), ತಡವಾದಷ್ಟೂ ಲೆಕ್ಕ ತಪ್ಪುತ್ತದೆ. ನೀರಿನ ಬಿಸಿ ಎಷ್ಟಿದೆ ಎಂದು ಥರ್ಮಾಮೀಟರ್‌ನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಕೊನೆಯ ಸಲ ಮೀನು ಚೆನ್ನಾಗಿದ್ದದ್ದನ್ನು ಯಾರು ನೋಡಿದರು, ಎಷ್ಟು ಗಂಟೆಗೆ, ಅದನ್ನೂ ಬರೆಯಿರಿ. ಮೊಬೈಲಿನಲ್ಲಿ ಟ್ಯಾಂಕಿನದೊಂದು, ಸತ್ತ ಮೀನಿನದೊಂದು ಫೋಟೊ ಇರಲಿ. ಇದಕ್ಕೆಲ್ಲ ಐದು ನಿಮಿಷ ಸಾಕು. ಉಳಿದ ಮೀನು ಒದ್ದಾಡುತ್ತಿದ್ದರೆ ಏರ್ ಪಂಪ್ ಜೋರಾಗಿ ಬಿಟ್ಟು ಆಮೇಲೆ ಬರೆಯಿರಿ, ಅಷ್ಟೇ.

ಯಾವ ಹೊತ್ತಿಗೆ ಸತ್ತವು?

ನಾನು ಕೇಳುವ ಮೊದಲ ಪ್ರಶ್ನೆ ಇದೇ. ಯಾವ ಮೀನು, ಎಷ್ಟು ಮೀನು ಅನ್ನುವುದೆಲ್ಲ ಆಮೇಲೆ.

ರಾತ್ರಿ ಚೆನ್ನಾಗಿದ್ದು ಬೆಳಗಾಗುವಷ್ಟರಲ್ಲಿ ಸತ್ತಿದ್ದರೆ ನನ್ನ ಅನುಮಾನ ಮೊದಲು ಆಮ್ಲಜನಕದ ಮೇಲೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಕರಗುತ್ತದೆ. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ, 35ರಲ್ಲಿ ಏಳಕ್ಕೂ ಕಡಿಮೆ. ಅದೇ ಹೊತ್ತಿಗೆ ಬಿಸಿ ನೀರಿನಲ್ಲಿ ಮೀನಿನ ಉಸಿರಾಟ ಜೋರಾಗುತ್ತದೆ. ಅಂದರೆ ಬೇಕಾಗಿದ್ದು ಜಾಸ್ತಿ, ಸಿಗುವುದು ಕಡಿಮೆ. ಟ್ಯಾಂಕಿನಲ್ಲಿ ಗಿಡಗಳಿದ್ದರೆ ಹಗಲು ಆಮ್ಲಜನಕ ಕೊಡುತ್ತವೆ, ರಾತ್ರಿ ತಾವೇ ಎಳೆದುಕೊಳ್ಳುತ್ತವೆ. ಅದಕ್ಕೇ ನಸುಕಿನ ನಾಲ್ಕೈದು ಗಂಟೆಗೆ ನೀರಿನಲ್ಲಿ ಆಮ್ಲಜನಕ ತೀರಾ ಕೆಳಗಿರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ, ಕೂಲರ್ ಇಲ್ಲದ ಕೋಣೆಯಲ್ಲಿ ಟ್ಯಾಂಕಿನ ನೀರು 33ಕ್ಕೆ ಬಂದು ನಿಲ್ಲುವುದನ್ನು ನಾನೇ ಅಳೆದಿದ್ದೇನೆ. ಅಂಥ ರಾತ್ರಿ ಕರೆಂಟ್ ಹೋದರೆ ಮುಗಿಯಿತು.

ನೀರು ಬದಲಿಸಿದ ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಸತ್ತರೆ ದೋಷ ಹೊಸ ನೀರಿನಲ್ಲಿದೆ, ಇಲ್ಲವೇ ಹಳೆಯ ನೀರಿಗೂ ಹೊಸ ನೀರಿಗೂ ಇರುವ ಅಂತರದಲ್ಲಿದೆ. ಈ ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಕಥೆ ಮುಂದೆ ಹೇಳುತ್ತೇನೆ, ಯಾಕೆಂದರೆ ಅದು ನನ್ನ ಮನೆಯಲ್ಲೇ ಆಗಿದ್ದು.

ಹೊಸ ಟ್ಯಾಂಕ್ ತಂದು ಒಂದು ವಾರಕ್ಕೆ ಒಂದು, ಎರಡು ದಿನ ಬಿಟ್ಟು ಇನ್ನೊಂದು, ಹೀಗೆ ಒಂದೊಂದೇ ಹೋಗುತ್ತಿದ್ದರೆ ಅದು ಬಹುತೇಕ ಅಮೋನಿಯಾ ಮತ್ತು ನೈಟ್ರೈಟ್. ಮೀನಿನ ಹೊಲಸು, ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ವಿಷ. ಮೂರನೆಯದನ್ನು ಮೀನು ಬಹಳ ಮಟ್ಟಿಗೆ ತಡೆಯುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಅಂಗಡಿಯಲ್ಲಿ ಟ್ಯಾಂಕ್ ಮತ್ತು ಮೀನು ಎರಡನ್ನೂ ಒಂದೇ ದಿನ ಕೊಟ್ಟು ಕಳಿಸುತ್ತಾರೆ. ಆಗ ಆ ನಾಲ್ಕು ವಾರ ಮೀನು ತನ್ನ ಹೊಲಸಿನಲ್ಲೇ ಉಸಿರಾಡಬೇಕಾಗುತ್ತದೆ.

ಹಳೆಯ ಟ್ಯಾಂಕಿನಲ್ಲೂ ಇದೇ ಆಗಬಹುದು. ಯಾರಾದರೂ ಸ್ಪಾಂಜನ್ನು ನಳದ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿದ್ದಾರಾ ಕೇಳಿ. ನಳದ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಎರಡು ಮೂರು ದಿನ ಏನೂ ಆಗುವುದಿಲ್ಲ. ಆಮೇಲೆ ಮೀನು ಸಾಯಲು ಶುರುವಾಗುತ್ತವೆ. ಅಷ್ಟರಲ್ಲಿ ಸ್ಪಾಂಜ್ ತೊಳೆದದ್ದು ಎಲ್ಲರಿಗೂ ಮರೆತಿರುತ್ತದೆ. ಸ್ಪಾಂಜನ್ನು ಟ್ಯಾಂಕಿನಿಂದಲೇ ತೆಗೆದ ನೀರಿನ ಬಕೆಟ್‌ನಲ್ಲಿ ಎರಡು ಸಲ ಹಿಂಡಿದರೆ ಸಾಕು. ಸ್ವಲ್ಪ ಕಂದು ಬಣ್ಣ ಉಳಿಯಲಿ.

ಇನ್ನು ಹೊಸ ಮೀನು ತಂದು ಐದಾರು ದಿನಕ್ಕೆ ಹಳೆಯವೂ ಸಾಯತೊಡಗಿದರೆ ರೋಗ ಬಂದಿದೆ. ರೆಕ್ಕೆಯ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ವೈಟ್ ಸ್ಪಾಟ್. ಬಾಯಿಯ ಸುತ್ತ, ಬೆನ್ನ ಮೇಲೆ ಬೂದು ಬಿಳಿ ಪಟ್ಟಿ ಬಂದು ಎರಡೇ ದಿನದಲ್ಲಿ ಸಾಯುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಸೋಂಕು ಇರಬಹುದು, ಬಿಸಿ ನೀರಿನಲ್ಲಿ ಬೇಗ ಹರಡುತ್ತದೆ. ರೋಗದ ಬಗ್ಗೆ ಇಲ್ಲಿ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ. "ಯಾಕೋ ಗೊತ್ತಿಲ್ಲ, ಸುಮ್ನೆ ಸತ್ತವು" ಎಂದು ಬರುವವರಲ್ಲಿ ಹತ್ತಕ್ಕೆ ಎಂಟು ಮಂದಿಯ ಮನೆಯಲ್ಲಿ ನಾನು ಕಂಡದ್ದು ನೀರಿನ ದೋಷವೇ.

ಸತ್ತ ಮೀನನ್ನು ಕೈಯಲ್ಲಿ ಹಿಡಿದು ನೋಡಿ

ಹುಡುಗನ ಬೋಗುಣಿಯನ್ನು ಕಟ್ಟೆಯ ಮೇಲಿಟ್ಟು ಒಂದೊಂದೇ ಮೀನನ್ನು ನೋಡಿದೆವು. ಐದಕ್ಕೂ ಬಾಯಿ ಅಗಲವಾಗಿ ತೆರೆದಿತ್ತು. ಕಿವಿರಿನ ಮುಚ್ಚಳ ಹೊರಕ್ಕೆ ಎದ್ದು ನಿಂತಿತ್ತು. ಉಗುರಿನಿಂದ ಮುಚ್ಚಳ ಎತ್ತಿದರೆ ಒಳಗಿನ ಕಿವಿರು ಕೆಂಪಾಗಿಯೇ ಇತ್ತು. ಮೈ ಮೇಲೆ ಗಾಯ ಇಲ್ಲ, ಚುಕ್ಕೆ ಇಲ್ಲ, ರೆಕ್ಕೆ ಹರಿದಿಲ್ಲ.

"ಟ್ಯಾಂಕಿನಾಗ ಇನ್ನ ಯಾವರೆ ಉಳದಾವೇನು?"

"ಗೌರಾಮಿ ಒಂದ ಐತ್ರಿ. ಬಕೀಟನ್ಯಾಗ ಹಾಕೀನಿ. ಅದಕ್ಕೇನೂ ಆಗಿಲ್ಲ."

ಅಲ್ಲಿಗೆ ನನಗೆ ಉತ್ತರ ಸಿಕ್ಕಿತು. ಗೌರಾಮಿ, ಫೈಟರ್ ಇಂಥ ಮೀನುಗಳ ತಲೆಯಲ್ಲಿ ಕಿವಿರಿನ ಮೇಲೆ ಇನ್ನೊಂದು ಅಂಗ ಇರುತ್ತದೆ. ಅವು ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಗೋಲ್ಡ್ ಫಿಶ್‌ಗೆ ಅದಿಲ್ಲ. ವಿಷ ಬಿದ್ದಿದ್ದರೆ ಗೌರಾಮಿಯೂ ಹೋಗುತ್ತಿತ್ತು. ಗೋಲ್ಡ್ ಫಿಶ್ ಸತ್ತದ್ದು ಉಸಿರು ಕಟ್ಟಿ, ಅದಕ್ಕೇ ಗೌರಾಮಿಯೊಂದು ಉಳಿಯಿತು. ರಾತ್ರಿ ಒಂದರಿಂದ ಐದೂವರೆವರೆಗೆ ಕರೆಂಟ್ ಇರಲಿಲ್ಲ ಎಂದು ಅವರ ಮನೆಯಲ್ಲೇ ಹೇಳಿದರು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್. ಘನ ಅಡಿಗೆ 28 ಲೀಟರ್ ಲೆಕ್ಕ ಹಿಡಿದರೆ 56, ಕಲ್ಲು ಕಳೆದರೆ 50 ಲೀಟರ್. ಅಷ್ಟರಲ್ಲಿ ಅಂಗೈಯುದ್ದದ ಐದು ಗೋಲ್ಡ್ ಫಿಶ್. ಗೋಲ್ಡ್ ಫಿಶ್ ಮೂಲತಃ ತಣ್ಣೀರಿನ ಮೀನು, 18ರಿಂದ 24 ಡಿಗ್ರಿ ಅದಕ್ಕೆ ಹಿತ. ಬಾಟಲಿಯ ನೀರಿನಲ್ಲಿ ಅಮೋನಿಯಾ ಇರಲಿಲ್ಲ, ನೈಟ್ರೈಟ್ ಇರಲಿಲ್ಲ. ಅದೂ ಗೊತ್ತಾಗಿದ್ದು ಬಾಟಲಿ ಉಳಿದಿದ್ದರಿಂದಲೇ.

ಕಿವಿರಿನ ಬಣ್ಣ ಇನ್ನೂ ಒಂದು ವಿಷಯ ಹೇಳುತ್ತದೆ. ಕಿವಿರು ಚಹಾದ ಚರಟದಂತೆ ಕಂದಾಗಿದ್ದರೆ ನೈಟ್ರೈಟ್ ಮೇಲೆ ಅನುಮಾನ ಪಡಿ. ನೈಟ್ರೈಟ್ ರಕ್ತಕ್ಕೆ ಸೇರಿ, ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಏರ್ ಪಂಪ್ ಎಷ್ಟೇ ಬಿಟ್ಟರೂ ಮೀನು ಮೇಲೆ ಬಂದು ಬಾಯಿ ಬಿಡುತ್ತಲೇ ಇರುತ್ತದೆ. ಲೀಟರಿಗೆ ಒಂದು ಗ್ರಾಂ ಉಪ್ಪು ಕರಗಿಸಿ ಹಾಕಿದರೆ, ನೈಟ್ರೈಟ್ ಕಿವಿರಿನ ಮೂಲಕ ಒಳಗೆ ಹೋಗುವುದನ್ನು ಉಪ್ಪಿನ ಕ್ಲೋರೈಡ್ ತಡೆಯುತ್ತದೆ. ಆದರೆ ಸತ್ತು ಬಹಳ ಹೊತ್ತಾದ ಮೀನಿನ ಕಿವಿರು ಎಲ್ಲವೂ ಬಣ್ಣಗೆಡುತ್ತದೆ. ಈಗಷ್ಟೇ ಸತ್ತ ಮೀನನ್ನೇ ನೋಡಬೇಕು.

ಯಾವುದು ಮೊದಲು ಸತ್ತಿತು ಎನ್ನುವುದೂ ಮುಖ್ಯ. ದೊಡ್ಡವು ಮೊದಲು ಹೋಗಿ ಸಣ್ಣವು ಉಳಿದರೆ ಆಮ್ಲಜನಕ. ಸೀಗಡಿ ಮೊದಲು ಸತ್ತು ಆಮೇಲೆ ಮೀನು ಹೋದರೆ ಕೀಟನಾಶಕ ಅಥವಾ ತಾಮ್ರ. ಒಂದೇ ಜಾತಿಯ ಮೀನು ಮಾತ್ರ ಸಾಯುತ್ತಿದ್ದು, ರೆಕ್ಕೆ ಹರಿದಿದ್ದರೆ ಟ್ಯಾಂಕಿನಲ್ಲಿ ಜಗಳಗಂಟ ಮೀನೊಂದಿದೆ. ಕೋಣೆಯ ಲೈಟ್ ಆರಿಸಿ ಅರ್ಧ ಗಂಟೆ ದೂರ ಕೂತು ನೋಡಿ.

ನನ್ನ ಮನೆಯ ಟ್ಯಾಂಕಿನಲ್ಲಿ ಆದದ್ದು

ನನ್ನದು ಮೂರು ಅಡಿ ಟ್ಯಾಂಕ್. ನೂರು ಲೀಟರ್ ಹತ್ತಿರ ನೀರು. ಅದರಲ್ಲಿ ನಾಲ್ಕು ಏಂಜಲ್, ಹತ್ತು ಟೆಟ್ರಾ. ಏಂಜಲ್‌ಗಳನ್ನು ಬೆರಳ ಉಗುರಿನಷ್ಟು ಇದ್ದಾಗ ತಂದಿದ್ದೆ.

ವಿಜಯಪುರದ ಬೋರಿನ ನೀರು ಗೊತ್ತಲ್ವಾ. ಕುದಿಸಿದ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ ಸವುಳು ನೀರು. ಕೊಲ್ಹಾರದಿಂದ ಬರುವ ಕೃಷ್ಣಾ ನೀರು ಚಲೋ, ಆದರೆ ನಮ್ಮ ಓಣಿಗೆ ಆಗ ನಳ ಬರುತ್ತಿದ್ದದ್ದು ಐದಾರು ದಿನಕ್ಕೊಮ್ಮೆ. ಅದು ಅಡುಗೆಗೇ ಸಾಲದು. ಮೀನಿಗೆ ಒಳ್ಳೆಯದಾಗಲಿ ಎಂದು ನಾನು ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತಂದು ಹಾಕುತ್ತಿದ್ದೆ. ಎಂಟು ತಿಂಗಳು ಹಾಗೇ ನಡೆಯಿತು. ನೀರು ಗಾಜಿನಂತೆ ತಿಳಿಯಾಗಿತ್ತು. ಮೀನು ಆರಾಮಾಗಿದ್ದವು.

ಒಂದು ಬೇಸಿಗೆ ಘಟಕದ ಯಂತ್ರ ಕೆಟ್ಟಿತು. ವಾರವಾದರೂ ರಿಪೇರಿ ಆಗಲಿಲ್ಲ. ಟ್ಯಾಂಕಿನ ನೀರು ನಾಲ್ಕು ಬೆರಳು ಇಳಿದಿತ್ತು. ಬೋರಿನ ನೀರನ್ನು ಎರಡು ಡ್ರಮ್‌ನಲ್ಲಿ ಒಂದು ದಿನ ಇಟ್ಟೆ. ಬೋರಿನ ನೀರಿನಲ್ಲಿ ಕ್ಲೋರಿನ್ ಇಲ್ಲ, ಮತ್ತೇನು ಭಯ ಅಂದುಕೊಂಡೆ. ಭಾನುವಾರ ಬೆಳಿಗ್ಗೆ ಅರ್ಧ ಟ್ಯಾಂಕ್ ನೀರು ತೆಗೆದು ಇದನ್ನು ತುಂಬಿದೆ. ತೆಗೆದ ಹಳೆಯ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಲೆಂದು ಬಕೆಟ್‌ಗಳಲ್ಲಿ ಹಿತ್ತಲಿನಲ್ಲಿಟ್ಟೆ.

ಒಂದು ಗಂಟೆಗೆ ಏಂಜಲ್‌ಗಳು ರೆಕ್ಕೆ ಮುದುರಿಕೊಂಡು ಮೂಲೆಗೆ ಸೇರಿದವು. ಎರಡು ಗಂಟೆಗೆ ಟೆಟ್ರಾಗಳು ಗಾಜಿಗೆ ಬಡಿದುಕೊಳ್ಳುವಂತೆ ಓಡಾಡತೊಡಗಿದವು. ಸಂಜೆಗೆ ಮೂರು ಏಂಜಲ್, ಆರು ಟೆಟ್ರಾ ಹೋದವು. ಅವತ್ತು ನನಗೆ ಊಟ ಸೇರಲಿಲ್ಲ.

ಬೋರಿನ ನೀರಿನಲ್ಲಿ ಏನೋ ವಿಷ ಇದೆ ಎಂದು ಮೊದಲು ಅನ್ನಿಸಿತು. ಆದರೆ ಅದೇ ನೀರಿನಲ್ಲಿ ನಮ್ಮ ಹಿತ್ತಲ ಸಿಮೆಂಟ್ ತೊಟ್ಟಿಯ ಗಪ್ಪಿಗಳು ಮರಿ ಹಾಕಿ ಹಾಯಾಗಿದ್ದವು. ಕತ್ತಲಾಗುವ ಹೊತ್ತಿಗೆ ಆ ಬಕೆಟ್‌ಗಳು ನೆನಪಾದವು. ಒಂದು ಬಕೆಟ್ ಗಿಡಕ್ಕೆ ಹೋಗಿತ್ತು, ಇನ್ನೊಂದು ಉಳಿದಿತ್ತು. ಅದರ ನೀರನ್ನು ಪರೀಕ್ಷೆಯ ಕೊಳವೆಗೆ ಹಾಕಿ ಅಮೋನಿಯಾ ಪತ್ತೆ ಮಾಡುವ ಕಿಟ್‌ನ ಹನಿ ಬಿಟ್ಟೆ. ಅಮೋನಿಯಾ ಇಲ್ಲದಿದ್ದರೆ ಆ ಕೊಳವೆ ನಿಂಬೆ ಹಳದಿಯಾಗಿ ಉಳಿಯಬೇಕು. ನನ್ನದು ಐದು ನಿಮಿಷದಲ್ಲಿ ಕಡು ಹಸಿರಾಯಿತು, ಮೆಂತೆ ಸೊಪ್ಪಿನ ಬಣ್ಣ. ಲೀಟರಿಗೆ 4 ಮಿಲಿಗ್ರಾಂ. ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಎನ್ನುವ ಅಳತೆ (ಏಳಕ್ಕಿಂತ ಕೆಳಗಿದ್ದರೆ ಹುಳಿ), ನೋಡಿದರೆ 6.2. ಬೋರಿನ ನೀರಿನದು 8.1. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ಹೇಳುವ ಟಿಡಿಎಸ್ ಮೀಟರ್ ಹಳೆಯ ನೀರಿಗೆ 140 ತೋರಿಸಿತು, ಬೋರಿನ ನೀರಿಗೆ 1150.

ಲೆಕ್ಕ ಹೀಗೆ. ಘಟಕದ ನೀರಿನಲ್ಲಿ ಲವಣಗಳೇ ಇರುವುದಿಲ್ಲ ಅನ್ನಬಹುದು. ಪಿಎಚ್ ಬೀಳದಂತೆ ಹಿಡಿದಿಡುವ ಕಾರ್ಬೊನೇಟ್ ಗಡಸುತನವೂ ಅದರಲ್ಲಿಲ್ಲ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಆಮ್ಲ ಹುಟ್ಟುತ್ತದೆ. ತಡೆಯುವವರು ಯಾರೂ ಇಲ್ಲದ್ದರಿಂದ ಪಿಎಚ್ ತಿಂಗಳು ತಿಂಗಳು ಜಾರುತ್ತಾ ಹೋಯಿತು. ಆರರ ಹತ್ತಿರ ಬಂದಾಗ ಆ ಬ್ಯಾಕ್ಟೀರಿಯಾಗಳೇ ಮಂಕಾದವು. ಅಮೋನಿಯಾ ಕೂಡುತ್ತಾ ಬಂತು. ಆದರೂ ಮೀನು ಸಾಯಲಿಲ್ಲ. ಯಾಕೆಂದರೆ ಅಷ್ಟು ಹುಳಿ ನೀರಿನಲ್ಲಿ ಅಮೋನಿಯಾ ಪೂರಾ ಅಮೋನಿಯಂ ರೂಪದಲ್ಲಿರುತ್ತದೆ, ಅದು ಮೀನಿಗೆ ಅಷ್ಟು ಕೇಡು ಮಾಡುವುದಿಲ್ಲ. ಪಿಎಚ್ 7 ಇದ್ದಾಗ, 25 ಡಿಗ್ರಿಯಲ್ಲಿ, ನೂರು ಪಾಲಿನಲ್ಲಿ ಬರೀ ಅರ್ಧ ಪಾಲು (0.5%) ಮಾತ್ರ ವಿಷದ ಅಮೋನಿಯಾ. ಪಿಎಚ್ 8 ಆದರೆ ನೂರಕ್ಕೆ ಐದು ಪಾಲು. ಹತ್ತು ಪಟ್ಟು! ನೀರು 30 ಡಿಗ್ರಿಗೆ ಬಿಸಿಯಾದರೆ ಏಳು ಪಾಲಿಗೂ ಜಾಸ್ತಿ.

ನಾನು ಬೋರಿನ ನೀರು ಸುರಿದಾಗ ಹೊಸ ವಿಷ ಹಾಕಲಿಲ್ಲ. ಟ್ಯಾಂಕಿನಲ್ಲಿ ಸುಮ್ಮನೆ ಮಲಗಿದ್ದ ವಿಷವನ್ನು ಎಬ್ಬಿಸಿದೆ. ಅದರ ಜೊತೆಗೆ ಟಿಡಿಎಸ್ ನೂರಾ ನಲವತ್ತರಿಂದ ಒಮ್ಮೆಲೇ ಆರುನೂರು ದಾಟಿತು. ಮೀನಿನ ಮೈಯ ನೀರು, ಉಪ್ಪಿನ ಹದವೇ ತಪ್ಪಿತು.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ನಮ್ಮ ಕಡೆಯ ಬಯಲು ಸೀಮೆಯಲ್ಲಿ ಮೀನು ಸಾಕುವವರು ಇದೇ ಎರಡು ನೀರಿನ ನಡುವೆ ಸಿಕ್ಕಿಕೊಂಡಿರುತ್ತಾರೆ. ಬೋರಿನದು ಬಹಳ ಗಡಸು, ಘಟಕದ್ದು ಬಹಳ ಮೆತ್ತಗೆ. ಎರಡರಲ್ಲೂ ಮೀನು ಬದುಕುತ್ತದೆ, ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕಿದರೆ ಸಾಯುತ್ತದೆ. ಹಾಗಾಗಿ "ನೀರು ಬದಲಿಸಿದೆ, ಸತ್ತವು" ಎಂದು ಯಾರಾದರೂ ಹೇಳಿದರೆ ನಾನು ಎರಡೂ ನೀರಿನ ಪಿಎಚ್ ಮತ್ತು ಟಿಡಿಎಸ್ ಅಳೆಯುತ್ತೇನೆ. ಹೊಸ ನೀರೊಂದನ್ನೇ ಅಳೆದರೆ ಏನೂ ತಿಳಿಯುವುದಿಲ್ಲ.

ನಳದ ನೀರು, ಟ್ಯಾಂಕರ್ ನೀರು

ಕುಡಿಯುವ ನೀರಿನಲ್ಲಿ ಮನೆಯ ನಳದವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಅದೇ ಸುಡುವ ಮದ್ದು. ಐದಾರು ದಿನ ಟಾಕಿಯಲ್ಲಿ ನಿಂತ ನೀರಿನಲ್ಲಿ ಕ್ಲೋರಿನ್ ಬಹುತೇಕ ಹಾರಿಹೋಗಿರುತ್ತದೆ. ಅದಕ್ಕೇ ನಮ್ಮ ಮಂದಿಗೆ ಧೈರ್ಯ. ನಳ ಬಂದ ದಿನವೇ ಪೈಪ್ ಹಿಡಿದು ತುಂಬಿದಾಗ ಎಡವಟ್ಟಾಗುತ್ತದೆ. ಟಾಕಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ವಾರವೂ ಹಾಗೆಯೇ. ಟ್ಯಾಂಕರ್ ನೀರಿಗೂ ಬ್ಲೀಚಿಂಗ್ ಹಾಕಿರಬಹುದು. ಮಳೆಗಾಲದಲ್ಲಿ ಹೊಳೆ ನೀರು ಕೆಂಪಾಗಿ ಬಂದಾಗ ಕ್ಲೋರಿನ್ ಜಾಸ್ತಿ ಹಾಕಬೇಕಾಗುತ್ತದೆ, ಆಗಂತೂ ಮೂಗಿಗೇ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಹರಳು ಎಂದು ಕೊಡುವುದು ಬಹುಪಾಲು ಸೋಡಿಯಂ ಥಯೋಸಲ್ಫೇಟ್. ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು ಏಳು ಮಿಲಿಗ್ರಾಂ ಹರಳು ಬೇಕು. ನಾನು ಹತ್ತು ಗ್ರಾಂ ಹರಳನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಇಟ್ಟುಕೊಳ್ಳುತ್ತೇನೆ. 20 ಲೀಟರ್ ಬಕೆಟ್‌ಗೆ ಅದರಿಂದ 15 ಎಂಎಲ್ ಹಾಕಿ ಕಲಕಿದರೆ ಸಾಮಾನ್ಯ ನಳದ ನೀರಿಗೆ ಸಾಕು. ಸ್ವಲ್ಪ ಹೆಚ್ಚಾದರೂ ತೊಂದರೆ ಇಲ್ಲ.

ಗಾಳಿಯಿಂದ ಬರುವ ವಿಷ

ಬಾಗಲಕೋಟೆಯ ನವನಗರದಲ್ಲಿ ನನ್ನ ತಂಗಿಯ ಮನೆ. ಒಂದು ರಾತ್ರಿ ಫೋನ್ ಮಾಡಿದಳು. "ಅಣ್ಣಾ, ಗಪ್ಪಿ ಎಲ್ಲಾ ಗರಗರ ತಿರಗಾಕತ್ತಾವು, ತೆಳಗ ಬಿದ್ದು ಒದ್ಯಾಡತಾವು." ನೀರು ಬದಲಿಸಿರಲಿಲ್ಲ, ಹೊಸ ಮೀನು ತಂದಿರಲಿಲ್ಲ. ಅಡುಗೆಮನೆಗೆ ಅವತ್ತು ಜಿರಳೆ ಸ್ಪ್ರೇ ಹೊಡೆದಿದ್ದರು. ಏರ್ ಪಂಪ್ ಇದ್ದದ್ದು ಅಡುಗೆಮನೆಯ ಗೋಡೆಗೆ. ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುವುದು ಅದರ ಕೆಲಸ. ಸ್ಪ್ರೇ, ಜಿರಳೆ ಚಾಕ್, ಗೋಡೆಗೆ ಸಿಕ್ಕಿಸುವ ಸೊಳ್ಳೆ ಔಷಧ, ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಮನುಷ್ಯರಿಗೆ ಅಷ್ಟು ಕೇಡಲ್ಲ, ಮೀನಿಗೆ ಬಹಳ ಅಲ್ಪ ಪ್ರಮಾಣವೂ ಸಾವು. ಇದನ್ನು ಮನೆಯ ಕಿಟ್‌ನಲ್ಲಿ ಪರೀಕ್ಷಿಸಲು ಆಗುವುದಿಲ್ಲ. ಅಮೋನಿಯಾ, ನೈಟ್ರೈಟ್, ಪಿಎಚ್ ಎಲ್ಲ ಸರಿಯಿದ್ದು, ಎಲ್ಲ ಜಾತಿಯ ಮೀನೂ ಒಟ್ಟಿಗೆ ಮೈ ತಿರುಚಿ ಸತ್ತಿದ್ದರೆ, ಹಿಂದಿನ ದಿನ ಮನೆಯಲ್ಲಿ ಏನು ಹೊಡೆದಿರಿ ಎಂದು ಕೇಳಿ. ಓಣಿಯಲ್ಲಿ ಸೊಳ್ಳೆಗೆ ಹೊಗೆ ಬಿಟ್ಟಿದ್ದರಾ, ಬಾಗಿಲಿಗೆ ಬಣ್ಣ ಹಚ್ಚಿದಿರಾ, ಫಿನೈಲ್ ಕೈಯಲ್ಲೇ ಟ್ಯಾಂಕಿಗೆ ಕೈ ಹಾಕಿದಿರಾ. ಇದೊಂದರಲ್ಲಿ ಮಾತ್ರ ಬೇಗ ಬೇಗ ನೀರು ಬದಲಿಸಬೇಕು, ಹೊಂದುವ ನೀರು ಕೈಯಲ್ಲಿದ್ದರೆ. ಫಿಲ್ಟರಿಗೆ ಇದ್ದಿಲಿನ ಪೊಟ್ಟಣ, ಅಂದರೆ ಆಕ್ಟಿವೇಟೆಡ್ ಕಾರ್ಬನ್, ಹಾಕಬೇಕು. ಏರ್ ಪಂಪನ್ನು ಬೇರೆ ಕೋಣೆಗೆ ಒಯ್ಯಬೇಕು.

ಟ್ಯಾಂಕಿನಲ್ಲಿ ಚೆಂದಕ್ಕೆ ಇಟ್ಟ ಕಲ್ಲನ್ನೂ ಒಮ್ಮೆ ನೋಡಿ. ಶಹಾಬಾದ್ ಫರಸಿಯ ಚೂರು ಸುಣ್ಣದ ಕಲ್ಲು. ಒಣಗಿದ ಕಲ್ಲಿನ ಮೇಲೆ ನಿಂಬೆ ರಸ ಹಿಂಡಿದರೆ ಬುರಬುರ ನೊರೆ ಬರುತ್ತದೆ. ಅದು ನೀರಿನ ಗಡಸು ಮತ್ತು ಪಿಎಚ್ ಏರಿಸುತ್ತದೆ. ಮಾಲಿ, ಗಪ್ಪಿ ಮೀನುಗಳಿಗೆ ಅಡ್ಡಿಯಿಲ್ಲ, ಟೆಟ್ರಾಗೆ ಹಿಡಿಸುವುದಿಲ್ಲ. ಇಳಕಲ್ಲಿನ ಗ್ರಾನೈಟ್ ಚೂರಿನಿಂದ ಆ ತೊಂದರೆ ಇಲ್ಲ.

ಕಾರಣ ಸಿಗುವವರೆಗೆ ಉಳಿದ ಮೀನನ್ನು ಹೇಗೆ ಉಳಿಸುವುದು

ಕಾಳು ಹಾಕುವುದನ್ನು ಎರಡು ದಿನ ನಿಲ್ಲಿಸಿ. ಹಸಿವಿನಿಂದ ಯಾವ ದೊಡ್ಡ ಮೀನೂ ಎರಡು ದಿನದಲ್ಲಿ ಸಾಯುವುದಿಲ್ಲ. ಏರ್ ಪಂಪ್ ಪೂರ್ತಿ ಬಿಡಿ. ಕರೆಂಟ್ ಇಲ್ಲದಿದ್ದರೆ ತಂಬಿಗೆಯಲ್ಲಿ ನೀರು ಎತ್ತಿ ಒಂದು ಅಡಿ ಮೇಲಿಂದ ಅದೇ ಟ್ಯಾಂಕಿಗೆ ಸುರಿಯುತ್ತಾ ಇರಿ, ಹತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ತಂಬಿಗೆ. ಕೆಲಸಕ್ಕೆ ಬಾರದ್ದು ಅನ್ನಿಸಬಹುದು, ಆದರೆ ಇದರಿಂದ ಮೀನು ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅಮೋನಿಯಾ ಅಥವಾ ನೈಟ್ರೈಟ್ ಸೊನ್ನೆ ಇಲ್ಲದಿದ್ದರೆ ಕಾಲು ಭಾಗ ನೀರು ಮಾತ್ರ ಬದಲಿಸಿ, ಮರುದಿನ ಮತ್ತೆ ಕಾಲು ಭಾಗ. ಆದರೆ ಮೊದಲು ಎರಡೂ ನೀರಿನ ಪಿಎಚ್ ನೋಡಿ. ಟ್ಯಾಂಕಿನದು ಆರರ ಹತ್ತಿರ ಇದ್ದು ಹೊಸದು ಎಂಟು ಇದ್ದರೆ ಕಾಲು ಭಾಗವೂ ಜಾಸ್ತಿಯೇ. ಆಗ ಹೊಸದಕ್ಕೆ ಘಟಕದ ನೀರು ಬೆರೆಸಿ, ಹತ್ತನೆಯ ಒಂದು ಭಾಗದಂತೆ ಹಗಲಿಗೊಮ್ಮೆ, ರಾತ್ರಿಗೊಮ್ಮೆ ಬದಲಿಸುತ್ತಾ ನಿಧಾನಕ್ಕೆ ಮೇಲೆ ತನ್ನಿ.

ಔಷಧ ಹಾಕಬೇಡಿ. ಅಂಗಡಿಗೆ ಹೋಗಿ "ಮೀನ ಸಾಯಾಕತ್ತಾವ್ರಿ" ಅಂದರೆ ನೀಲಿ ಔಷಧದ ಬಾಟಲಿ ಕೈಗೆ ಬರುತ್ತದೆ. ಅದು ಮೀನಿನ ಜೊತೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ತಾಗುತ್ತದೆ. ನೀರು ನೀಲಿಯಾದ ಮೇಲೆ ಪರೀಕ್ಷೆಯ ಬಣ್ಣವೂ ತಿಳಿಯುವುದಿಲ್ಲ. ಫಾರ್ಮಲಿನ್ ಇರುವ ಔಷಧ ನೀರಿನ ಆಮ್ಲಜನಕವನ್ನೇ ಎಳೆದುಕೊಳ್ಳುತ್ತದೆ. ರೋಗ ಕಣ್ಣಿಗೆ ಕಂಡ ಮೇಲೆ ಮಾತ್ರ ಅದು, ಅದೂ ಬೇರೆ ತೊಟ್ಟಿಯಲ್ಲಿ.

ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಇದ್ದು, ನಾಲ್ಕೈದು ಗಂಟೆ ಕರೆಂಟ್ ಹೋಗಿದ್ದರೆ, ಕರೆಂಟ್ ಬಂದ ಕೂಡಲೇ ಹಾಗೇ ಚಾಲೂ ಮಾಡಬೇಡಿ. ಒಳಗೆ ನಿಂತ ನೀರು ಕೊಳೆತಿರುತ್ತದೆ. ಅದನ್ನು ಚೆಲ್ಲಿ, ಟ್ಯಾಂಕಿನ ನೀರಿನಲ್ಲೇ ಒಳಗಿನದನ್ನು ಜಾಲಿಸಿ ಹಚ್ಚಿ.

ಕೊಳ್ಳುವುದಾದರೆ ಹನಿ ಹಾಕಿ ನೋಡುವ ಅಮೋನಿಯಾ, ನೈಟ್ರೈಟ್, ಪಿಎಚ್ ಕಿಟ್ ಕೊಳ್ಳಿ. ಕಾಗದದ ಪಟ್ಟಿಗಿಂತ ಅದು ನಂಬಿಕೆಗೆ ಹತ್ತಿರ. ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಮಾತು, ಟಿಡಿಎಸ್ ಮೀಟರ್ ಅಮೋನಿಯಾ ತೋರಿಸುವುದಿಲ್ಲ, ವಿಷ ತೋರಿಸುವುದಿಲ್ಲ. ಎರಡು ನೀರಿನ ಅಂತರ ತಿಳಿಯಲು ಮಾತ್ರ ಅದು.

ನಮ್ಮ ಬೇಸಿಗೆಯಲ್ಲಿ ಟ್ಯಾಂಕಿನ ನೀರು ವಾರಕ್ಕೆ ಎರಡು ಮೂರು ಬೆರಳು ಆವಿಯಾಗುತ್ತದೆ. ಹಾರುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಆ ಕೊರತೆ ತುಂಬಲು ಘಟಕದ ನೀರು ಸರಿ. ನೀರು ತೆಗೆದು ಬದಲಿಸುವಾಗ ಮಾತ್ರ ಬೋರಿನದನ್ನೂ ಘಟಕದ್ದನ್ನೂ ಬೆರೆಸಿ ಹಾಕಿ. ನಾನೀಗ ಒಂದು ಪಾಲು ಬೋರು, ಮೂರು ಪಾಲು ಘಟಕದ್ದು ಬೆರೆಸಿ ಟಿಡಿಎಸ್ 300ರ ಆಸುಪಾಸು ಇಡುತ್ತೇನೆ. ಪಿಎಚ್ ಏಳರ ಮೇಲೆ ಅಲ್ಲಾಡದೆ ನಿಂತಿದೆ. ಮೇಲೆ ಸಣ್ಣ ಟೇಬಲ್ ಫ್ಯಾನ್ ನೀರಿನ ಮೈಗೆ ಗಾಳಿ ಬೀಸುವಂತೆ ಇಟ್ಟಿದ್ದೇನೆ. ನಮ್ಮ ಒಣ ಸೆಕೆಯಲ್ಲಿ ಅದರಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಪಕ್ಕದ ಮನೆಯ ಹುಡುಗ ಈಗ ಬ್ಯಾಟರಿಯ ಏರ್ ಪಂಪ್ ತಂದಿದ್ದಾನೆ. ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವಂಥದ್ದು. ಟ್ಯಾಂಕಿನಲ್ಲಿ ಈ ಸಲ ಗೋಲ್ಡ್ ಫಿಶ್ ಇಲ್ಲ. ಆ ಗೌರಾಮಿ ಇದೆ, ಆರು ಮಾಲಿ ಇವೆ. ಅವರ ಫ್ರಿಜ್‌ನ ಬಾಗಿಲಲ್ಲಿ, ಮಜ್ಜಿಗೆ ಬಾಟಲಿಯ ಪಕ್ಕ, ಖಾಲಿ ಬಾಟಲಿಯೊಂದು ಇಟ್ಟಿದ್ದಾನೆ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ "ಮೀನಿನದು, ಮುಟ್ಟಬ್ಯಾಡ್ರಿ" ಎಂದು ಬರೆದಿದ್ದಾನೆ.